ಕಾದಂಬರಿ ಅನ್ನೋದು ಒಬ್ಬ ಹುಡುಗಿಯ ಹೆಸರು

ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿಗೆ ಹೋದರೆ ಈಗ ಎದುರಿಗೇ ಸಿಗುವುದು ದಪ್ಪ ದಪ್ಪ ಪುಸ್ತಕಗಳು. ಮುಖಪುಟದಲ್ಲಿ ಕತ್ತಿ, ಮುಳ್ಳು, ರೆಕ್ಕೆ. ಪಕ್ಕದಲ್ಲೇ ಆಫೀಸು, ಫ್ಲ್ಯಾಟು, ಬ್ರೇಕಪ್ಪುಗಳ ಇಂದಿನ ಪ್ರೇಮಕಥೆಗಳು. ರೆಕ್ಕೆ ಇರುವ ಜಾತಿಗೆ, ಅಂದರೆ ರೊಮ್ಯಾನ್ಸಿಗೆ ಫ್ಯಾಂಟಸಿಯ ಮಾಯಾಲೋಕ ಬೆರೆಸಿದ ಕಥೆಗಳಿಗೆ, ‘ರೊಮ್ಯಾಂಟಸಿ’ ಅಂತ ಹೆಸರು. 2024ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದಕ್ಕೆಂದು ಆರಿಸಿದ ಆರರಲ್ಲಿ ಅದೂ ಒಂದು. ಮರುವರ್ಷ ಜನವರಿಯಲ್ಲಿ ರೆಬೆಕಾ ಯಾರೋಸ್ ಅವರ ಡ್ರ್ಯಾಗನ್ ಸರಣಿಯ ಮೂರನೇ ಪುಸ್ತಕ ಬಂತು. ಒಂದೇ ವಾರದಲ್ಲಿ 27 ಲಕ್ಷ ಪ್ರತಿ ಖರ್ಚಾಯಿತು.

ಪಿಯುಸಿ ಓದುವ ನನ್ನ ಅಕ್ಕನ ಮಗಳು ಇವನ್ನು ನಿದ್ದೆಗೆಟ್ಟು ಓದುತ್ತಾಳೆ. “ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಅಲ್ವಾ ಚಿಕ್ಕಮ್ಮ?” ಅಂತ ಕೇಳಿದಳು. ಇತ್ತು. ನಮ್ಮ ಅಜ್ಜಿಯ ಅಜ್ಜಿಗೂ ಮುಂಚೆಯೇ ಇತ್ತು.

ನಾವು ಕಾದಂಬರಿ ಅನ್ನುತ್ತೀವಲ್ಲ, ಅದು ಒಬ್ಬ ಗಂಧರ್ವ ಹುಡುಗಿಯ ಹೆಸರು. ಏಳನೇ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಥೆಯ ನಾಯಕಿ ಅವಳು. ಅವಳು ಒಲಿದ ಚಂದ್ರಾಪೀಡ ನಿಜಕ್ಕೂ ಶಾಪದಿಂದ ಭೂಮಿಯಲ್ಲಿ ಹುಟ್ಟಿದ ಚಂದ್ರ. ಅವನು ಸಾಯುತ್ತಾನೆ, ದೇಹ ಮಾತ್ರ ಕೆಡುವುದಿಲ್ಲ. ಅದನ್ನು ಕಾಯುತ್ತ ಅವಳು ಕೂರುತ್ತಾಳೆ. ಕಥೆ ಶುರುವಾಗುವುದು ರಾಜನ ಮುಂದೆ ಮಾತಾಡುವ ಒಂದು ಗಿಳಿಯಿಂದ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಇದನ್ನು ಕನ್ನಡಕ್ಕೆ ತಂದ. ಹನ್ನೆರಡನೇ ಶತಮಾನದಲ್ಲಿ ನೇಮಿಚಂದ್ರ ‘ಲೀಲಾವತಿ’ ಬರೆದ. ಅಲ್ಲಿ ಬನವಾಸಿಯ ರಾಜಕುಮಾರ ಕನಸಿನಲ್ಲಿ ಕಂಡವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಅವಳೂ ಅವನನ್ನು ಕನಸಿನಲ್ಲೇ ಕಂಡಿರುತ್ತಾಳೆ.

ಇಪ್ಪತ್ತನೇ ಶತಮಾನದ ಕಾದಂಬರಿ ಈ ಗಂಧರ್ವರನ್ನೆಲ್ಲ ಕಳಿಸಿಬಿಟ್ಟಿತು. ಪ್ರೀತಿ ಮನೆಯೊಳಗೆ ಬಂತು. ಅದನ್ನು ಬರೆದವರಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರು ತ್ರಿವೇಣಿ. 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ‘ಬೆಳ್ಳಿಮೋಡ’ದ ಇಂದಿರೆಯನ್ನು ನೋಡಿ. ಅವಳಿಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ ಅಂತ ಗೊತ್ತಾದ ಕೂಡಲೇ ಮದುವೆಯಾಗಬೇಕಿದ್ದ ಹುಡುಗ ಜಾರಿಕೊಳ್ಳುತ್ತಾನೆ. ಆಮೇಲೆ ಮನಸ್ಸು ಬದಲಾಯಿಸಿ ಬಂದಾಗ ಅವಳು ಒಲ್ಲೆ ಅನ್ನುತ್ತಾಳೆ. ಇಂಥ ಪುಸ್ತಕಗಳನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಹಗುರ ಮಾಡಿದವರಿದ್ದರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಆ ‘ಒಲ್ಲೆ’ಯನ್ನು ಎಷ್ಟೋ ಹೆಂಗಸರು ಮೊದಲು ಕೇಳಿದ್ದು ಪುಸ್ತಕದಲ್ಲೇ.

ಈ ಓದು ಊರೆಲ್ಲ ಹರಡಿದ್ದು ವಾರಪತ್ರಿಕೆಯ ಧಾರಾವಾಹಿಗಳಿಂದ. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು. ಜೊತೆಗೆ ಬಡಾವಣೆಗೊಂದರಂತೆ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳು. ನಮ್ಮ ಬೀದಿಯ ಲೈಬ್ರರಿಯಲ್ಲಿ ಸಾಯಿಸುತೆ, ಉಷಾ ನವರತ್ನರಾಂ ಒಂದು ಕಪಾಟು, ಮಿಲ್ಸ್ ಅಂಡ್ ಬೂನ್‌ನ ಇಂಗ್ಲಿಷ್ ಪ್ರೇಮಕಥೆಗಳು ಇನ್ನೊಂದು ಕಪಾಟು. ಕಂದು ಕಾಗದದ ರಟ್ಟು, ಒಳಗೆ ತಾರೀಕಿನ ಚೀಟಿ, ಅಂಚಿನಲ್ಲಿ ಮುಂಚೆ ಓದಿದವರ ಪೆನ್ಸಿಲ್ ಗೀಚು. ಒಂದು ಸಲ ನಾನು ತಂದ ಪುಸ್ತಕಕ್ಕೆ ಕೊನೆಯ ನಾಲ್ಕು ಹಾಳೆಯೇ ಇರಲಿಲ್ಲ. ಅವರಿಬ್ಬರೂ ಏನಾದರೋ ಅಂತ ವಾರವಿಡೀ ಕೊರಗಿದ್ದೆ.

ಆಮೇಲೆ ಟಿ.ವಿ. ಬಂತು, ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು, ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದರು. ಲಾಕ್‌ಡೌನ್ ಹೊತ್ತಿಗೆ ಬೇರೆ ದೇಶಗಳಲ್ಲಿ ಟಿಕ್‌ಟಾಕ್ ಈ ಹೊಸ ಪ್ರೇಮಕಥೆ, ರೊಮ್ಯಾಂಟಸಿಗಳನ್ನು ಮೇಲೆತ್ತಿತು. ನಮ್ಮಲ್ಲಿ 2020ರ ಜೂನ್‌ನಲ್ಲಿ ಅದು ನಿಷೇಧವಾದ್ದರಿಂದ ಆ ಕೆಲಸ ಇನ್‌ಸ್ಟಾಗ್ರಾಂ ಪಾಲಿಗೆ ಬಂತು.

ರೆಕ್ಕೆ, ಶಾಪಗಳು ಯಾಕೆ ವಾಪಸ್ ಬಂದವು? ಪ್ರೇಮಕಥೆ ನಿಲ್ಲುವುದೇ ಅಡ್ಡಿಯ ಮೇಲೆ. ತ್ರಿವೇಣಿಯವರ ಕಾಲಕ್ಕೆ ಅಡ್ಡಿ ಮನೆಯಲ್ಲೇ ಇತ್ತು. ಈಗಿನ ಕಥೆಗಳಲ್ಲಿ ಇಬ್ಬರೂ ದುಡಿಯುತ್ತಾರೆ, ಫೋನ್ ಕೈಯಲ್ಲಿದೆ, ಬೇಡವಾದರೆ ಎದ್ದು ಹೋಗಬಹುದು. ಅಲ್ಲಿ ಅಡ್ಡಿ ಮನಸ್ಸಿನೊಳಗಿನ ಹಳೆಯ ಗಾಯ, ಭಯ. ರೊಮ್ಯಾಂಟಸಿ ಆ ಭಯವನ್ನೇ ಹೊರಗೆ ತಂದು ಯುದ್ಧ ಮಾಡುತ್ತದೆ, ಶಾಪ ಮಾಡುತ್ತದೆ. ಹುಡುಗಿಯ ಕೈಗೆ ಕತ್ತಿ ಕೊಡುತ್ತದೆ. ಹೊರಗಿನ ಬದುಕಿನಲ್ಲಿ ಜಾತಿ ಕೇಳುವವರು ಇನ್ನೂ ಇದ್ದಾರೆ, ನಿಜ. ಅಂಥ ಮನೆಯಲ್ಲಿ ಕೂತು ಡ್ರ್ಯಾಗನ್ ಮೇಲೆ ಹಾರುವವಳನ್ನು ಓದುವ ಹುಡುಗಿಯ ಆಸೆ ನನಗೆ ಅರ್ಥವಾಗುತ್ತದೆ.

ಕನ್ನಡದಲ್ಲೂ ಇದು ಸತ್ತಿಲ್ಲ. ಬೆಂಗಳೂರಿನದೇ ಆದ ಪ್ರತಿಲಿಪಿ ಆ್ಯಪ್‌ನಲ್ಲಿ ಪ್ರೇಮಕಥೆಗಳು ಕಂತು ಕಂತಾಗಿ ಬರುತ್ತವೆ, ಹಿಂದೆ ವಾರಪತ್ರಿಕೆಯಲ್ಲಿ ಬರುತ್ತಿದ್ದ ಹಾಗೆ. ಅಚ್ಚಿನ ಪುಸ್ತಕ ಮಾಡುವವರು ಅಲ್ಲಿ ಬರೆಯುವ ಹೆಣ್ಣುಮಕ್ಕಳ ಕಡೆ ಇನ್ನೂ ಜಾಸ್ತಿ ನೋಡಬೇಕು ಅಂತ ನನ್ನಾಸೆ.

ಅಕ್ಕನ ಮಗಳಿಗೆ ಗಿಳಿಯ ಕಥೆ ಹೇಳಿದೆ. ಬಾಣಭಟ್ಟ ಅದನ್ನು ಅರ್ಧಕ್ಕೇ ಬಿಟ್ಟು ತೀರಿಕೊಂಡ, ಉಳಿದದ್ದನ್ನು ಅವನ ಮಗ ಬರೆದ ಅಂದೆ. ಅವಳು ಕೈಯಲ್ಲಿದ್ದ ಪುಸ್ತಕ ಮಡಚಿದಳು. “ಮಗ ಇಬ್ಬರನ್ನೂ ಸೇರಿಸಿದ್ನಾ?”

ಸೇರಿಸಿದ.