ಸೋಷಿಯಲ್ ಜೆಟ್‌ಲ್ಯಾಗ್: ಊರು ಬಿಡದವರ ಪ್ರಯಾಣದ ಆಯಾಸ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ತಿಂಡಿ ಆರಿದೆ, ಹಾಲನ್ನು ಎರಡು ಸಲ ಬಿಸಿ ಮಾಡಿ ಆಗಿದೆ. ಹತ್ತನೇ ತರಗತಿಯ ಮಗ ಮುಸುಕು ಸರಿಸಿಲ್ಲ. ಇದಕ್ಕೆ ನಮ್ಮ ಮನೆಗಳಲ್ಲಿರುವ ಪದ ಸೋಮಾರಿತನ. ನಿದ್ದೆಯನ್ನು ಅಧ್ಯಯನ ಮಾಡುವವರು ಇಟ್ಟ ಹೆಸರು ಸೋಷಿಯಲ್ ಜೆಟ್‌ಲ್ಯಾಗ್. ಕನ್ನಡದಲ್ಲಿ ‘ಸಾಮಾಜಿಕ ಯಾನಾಯಾಸ’ ಎನ್ನಬಹುದೇನೋ, ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲೇ ಕಣ್ಣು ಎಳೆಯುತ್ತದೆ.

ದೂರದೇಶಕ್ಕೆ ವಿಮಾನದಲ್ಲಿ ಹೋದವರು ಕೈಗಡಿಯಾರವನ್ನು ಕ್ಷಣದಲ್ಲಿ ತಿರುಗಿಸಿಕೊಳ್ಳುತ್ತಾರೆ, ಮೈಯೊಳಗಿನ ಗಡಿಯಾರ ಮಾತ್ರ ಕೆಲವು ದಿನ ಹಳೆಯ ಊರಿನ ಹೊತ್ತನ್ನೇ ತೋರಿಸುತ್ತದೆ. ವಿಮಾನ ಹತ್ತದೆಯೂ ಜನ ಇಂಥ ಎಳೆದಾಟಕ್ಕೆ ಸಿಲುಕುವುದನ್ನು ಗಮನಿಸಿ ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಈ ಪದವನ್ನು ಮುಂದಿಟ್ಟರು. ಇಲ್ಲಿ ‘ಸೋಷಿಯಲ್’ ಎಂದರೆ ಶಾಲೆ, ಟ್ಯೂಷನ್, ಕಚೇರಿ ಗೊತ್ತುಮಾಡಿದ ಹೊತ್ತು.

ಅಳೆಯುವುದು ಸುಲಭ. ಹುಡುಗ ವಾರದ ದಿನಗಳಲ್ಲಿ ರಾತ್ರಿ 12ಕ್ಕೆ ಮಲಗಿ, ಟ್ಯೂಷನ್‌ಗಾಗಿ 6ಕ್ಕೆ ಏಳುತ್ತಾನೆ ಎನ್ನೋಣ. ನಿದ್ದೆಯ ನಡುಬಿಂದು 3 ಗಂಟೆ. ಶನಿವಾರ ರಾತ್ರಿ 1ಕ್ಕೆ ಮಲಗಿ ಭಾನುವಾರ 10ಕ್ಕೆ ಎದ್ದರೆ ನಡುಬಿಂದು ಐದೂವರೆ. ಎರಡರ ಅಂತರ ಎರಡೂವರೆ ಗಂಟೆ; ಅವನ ಸೋಷಿಯಲ್ ಜೆಟ್‌ಲ್ಯಾಗ್ ಇದೇ. ಮಂಗಳೂರಿಗೂ ಕುವೈತಿಗೂ ಇರುವ ಹೊತ್ತಿನ ಅಂತರ ಸರಿಯಾಗಿ ಇಷ್ಟೇ. ಹುಡುಗ ಮಂಗಳೂರಿನಲ್ಲಿದ್ದಾನೆ, ಮೈ ಕುವೈತಿನಲ್ಲಿದೆ. ಸೋಮವಾರ ಆರಕ್ಕೆ ಅಲಾರಂ ಹೊಡೆದಾಗ ಅಲ್ಲಿ ಇನ್ನೂ ಮೂರೂವರೆ.

ಹದಿಹರೆಯದವರಿಗೇ ಇದು ಹೆಚ್ಚು ಕಾಡುವುದಕ್ಕೆ ಕಾರಣ ಮೊಬೈಲ್ ಒಂದೇ ಅಲ್ಲ. ಪ್ರಾಯಕ್ಕೆ ಬರುವಾಗ ಕತ್ತಲಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ತಡವಾಗಿ ಏರತೊಡಗುತ್ತದೆ; ನಿದ್ದೆ ಹತ್ತುವ ಹೊತ್ತು ಎರಡು ಗಂಟೆಯವರೆಗೂ ಮುಂದೆ ಹೋಗಬಹುದು. ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಡವೂ ಈ ವಯಸ್ಸಿನಲ್ಲಿ ನಿಧಾನವಾಗಿ ಕೂಡುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಹುಡುಗನಿಗೆ ಸಿಕ್ಕಿದ್ದು ಆರು. ಕಡಿಮೆಯ ಲೆಕ್ಕ ಹಿಡಿದರೂ ಆರು ರಾತ್ರಿಗೆ ಹನ್ನೆರಡು ಗಂಟೆ ಸಾಲ. ಭಾನುವಾರ ಒಂಬತ್ತು ಗಂಟೆ ಮಲಗಿ ತೀರಿಸಿದ್ದು ಒಂದೇ ಗಂಟೆ. ಆ ಒಂದು ಗಂಟೆಗೇ ಅವನು ಬೈಸಿಕೊಳ್ಳುವುದು.

ಈ ಅಂತರಕ್ಕೂ ಖಿನ್ನತೆಗೂ ನಂಟಿದೆಯೇ? 2011ರಲ್ಲಿ ಪ್ರಕಟವಾದ, ಬ್ರೆಜಿಲ್‌ನ ಗ್ರಾಮೀಣ ಜನರ ಅಧ್ಯಯನವೊಂದರಲ್ಲಿ ಎರಡು ಗಂಟೆಗಿಂತ ಹೆಚ್ಚು ಅಂತರವಿದ್ದವರಲ್ಲಿ ಖಿನ್ನತೆಯ ಅಂಕಗಳು ಹೆಚ್ಚಿದ್ದವು. ಆದರೆ ಅವರು ವಯಸ್ಕರು. ಜೊತೆಗೆ, ನಂಟು ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು: ನಿದ್ದೆಗೆಟ್ಟರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದವರಿಗೂ ನಿದ್ದೆ ಕೆಡುತ್ತದೆ.

ವ್ಯಾಯಾಮಕ್ಕೂ ಖಿನ್ನತೆಗೂ ಇರುವ ನಂಟಿನ ವಿಷಯದಲ್ಲಿ ನೆಲ ತುಸು ಗಟ್ಟಿ. ಓಟ, ಆಟದಂಥ ಚಟುವಟಿಕೆಯಿಂದ ಹದಿಹರೆಯದವರಲ್ಲಿ ಖಿನ್ನತೆಯ ಲಕ್ಷಣಗಳು ಒಂದು ಮಟ್ಟಿಗೆ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ, ಮಧ್ಯಮದಿಂದ ಬಿರುಸಿನ ಮಟ್ಟದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ಬಯಲಾಟಕ್ಕೆ ಇನ್ನೊಂದು ಲಾಭವಿದೆ: ಆ ಹೊತ್ತಿನ ಬೆಳಕು ರಾತ್ರಿ ಬೇಗ ನಿದ್ದೆ ಬರುವಂತೆ ಮೈಗಡಿಯಾರವನ್ನು ಕುವೈತಿನಿಂದ ಮಂಗಳೂರಿನ ಕಡೆಗೆ ಎಳೆಯುತ್ತದೆ. ಎಸ್ಸೆಸ್ಸೆಲ್ಸಿ ಬಂತೆಂದು ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬರೆದುಕೊಡುವ ಶಾಲೆಗಳು ಈ ಲೆಕ್ಕವನ್ನೂ ಒಮ್ಮೆ ಮಾಡಬೇಕಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ಮಕ್ಕಳನ್ನು ತಿದ್ದುವ ಬದಲು ಶಾಲೆಯ ಗಂಟೆಯನ್ನೇ ತಿದ್ದಿತು. ಅಲ್ಲಿ 2022ರ ಜುಲೈಯಿಂದ ಬಹುತೇಕ ಸರ್ಕಾರಿ ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ತರಗತಿ ಆರಂಭಿಸುವಂತಿಲ್ಲ.

ಒಂದು ಎಚ್ಚರಿಕೆ. ಸೋಷಿಯಲ್ ಜೆಟ್‌ಲ್ಯಾಗ್ ರೋಗದ ಹೆಸರಲ್ಲ. ಹತ್ತಕ್ಕೆ ಎದ್ದ ಹುಡುಗ ಹನ್ನೊಂದಕ್ಕೆ ಬ್ಯಾಟು ಹಿಡಿದು ಓಡಿದರೆ ಅವನಿಗೆ ಬೇಕಾದದ್ದು ನಿದ್ದೆ. ಬ್ಯಾಟು ಎರಡು ವಾರದಿಂದ ಮೂಲೆಯಲ್ಲೇ ಇದ್ದು, ಗೆಳೆಯರು ಬಾಗಿಲಿಗೆ ಬಂದರೂ ಅವನು ಹೊರಡದೆ, ಮಾತು ಮಾತಿಗೂ ಸಿಡುಕುತ್ತಿದ್ದರೆ ಸಂಗತಿ ಬೇರೆ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿನ ಬದಲು ಸಿಡುಕಾಗಿಯೂ ಬರುತ್ತದೆ. ಆಗ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.