ಹತ್ತಕ್ಕೆ ಹತ್ತು ಮೊಳೆತರೂ ನೂರಕ್ಕೆ ನೂರಲ್ಲ

ಹಿಂಗಾರು ಬಿತ್ತನೆ ಹತ್ತಿರ ಬಂದರೆ ನನ್ನ ಮೇಜಿನ ತುಂಬಾ ಕಡಲೆ. ರೋಣ, ನರಗುಂದ, ನವಲಗುಂದ ಕಡೆಯ ರೈತರು ಮನೆಯಲ್ಲೇ ಇಟ್ಟ ಬೀಜ ಪರೀಕ್ಷೆಗೆ ತರುತ್ತಾರೆ. ತರುವಾಗಲೇ ಒಂದು ಮಾತು: "ಹತ್ತ ಕಾಳ ತೊಯ್ಸಿ ನೋಡೀನ್ರಿ ಸರ, ಹತ್ತೂ ಮೊಳಕಿ ಒಡದಾವ. ನೂರಕ್ಕ ನೂರು!" ಪ್ರತಿ ವರ್ಷ ಇದೇ ಮಾತು ಕೇಳಿ ಸಾಕಾಗಿದೆ.

ನಿಮ್ಮ ರಾಶಿಯಲ್ಲಿ ನಿಜವಾಗಿ ಮೊಳೆಯುವುದು ನೂರಕ್ಕೆ 75 ಅಂದುಕೊಳ್ಳಿ. ಪ್ರಮಾಣಿತ ಕಡಲೆ ಬೀಜಕ್ಕೆ ಕನಿಷ್ಠ 85 ಬೇಕು, ಅಂದರೆ ಇದು ಫೇಲಾದ ಬೀಜ. ಆದರೂ ಇದರಿಂದ ಹತ್ತು ಕಾಳು ತೆಗೆದರೆ ಹತ್ತೂ ಮೊಳೆಯುವ ಸಾಧ್ಯತೆ ಎಷ್ಟು? 0.75ನ್ನು ಹತ್ತು ಸಲ ಇಟ್ಟು ಗುಣಿಸಿ. ಶೇ. 5.6 ಬರುತ್ತದೆ. ಹದಿನೆಂಟು ಮನೆಯವರು ಇದೇ ಬೀಜ ತೊಯ್ಸಿದರೆ ಹೆಚ್ಚುಕಡಿಮೆ ಒಂದು ಮನೆಯಲ್ಲಿ ಹತ್ತಕ್ಕೆ ಹತ್ತು. ಆ ಮನೆ ನಿಮ್ಮದೇ ಇರಬಹುದು, ಅಲ್ವಾ? ಕಾಳು ಸುಳ್ಳು ಹೇಳಲಿಲ್ಲ, ನೀವು ಕೇಳಿದ್ದು ಬಹಳ ಕಡಿಮೆ ಕಾಳುಗಳನ್ನು.

ಒಬ್ಬ ಹಿರಿಯರು ದಪ್ಪ ದಪ್ಪ ಕಾಳನ್ನೇ ಆರಿಸಿ ತಂದಿದ್ದರು. "ಹುಳಾ ತಿಂದದ್ದು ಯಾಕ ತರ್ಲೆಪಾ?" ಅಂದರು. "ಕಾಕಾ, ಬಿತ್ತುವಾಗ ಕೂರಿಗೆ ಆರಿಸ್ತದೇನ್ರಿ?" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಮರುದಿನ ಪ್ರತಿ ಚೀಲದ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬಂದರು. ಹುಳ ಎಲ್ಲ ಚೀಲಕ್ಕೂ ಸಮನಾಗಿ ಬೀಳುವುದಿಲ್ಲ ನೋಡಿ, ಹಾಗಾಗಿ ಇದೇ ಸರಿಯಾದ ದಾರಿ. ಅವರನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ಎಲ್ಲ ಬೆರೆಸಿ, ಆರಿಸದೆ, ನೂರರಂತೆ ನಾಲ್ಕು ಸಲ ಎಣಿಸಿ 400 ಕಾಳು ಇಟ್ಟೆವು. ಎಂಟನೇ ದಿನಕ್ಕೆ 312 ಮೊಳೆತಿದ್ದವು. ಭಾಗಿಸಿದರೆ 0.78. ಇದೂ ಅಂದಾಜೇ, ಆದರೆ ಬಿಗಿಯಾದ ಅಂದಾಜು: ನಿಜವಾದದ್ದು 74ರಿಂದ 82ರೊಳಗೆ ಇರುವ ಸಾಧ್ಯತೆ ಜಾಸ್ತಿ. ಎಣಿಕೆ ನಾಲ್ಕು ಪಟ್ಟಾದರೆ ಈ ಅಂತರ ಅರ್ಧ ಆಗುತ್ತದೆ, ಕಾಲು ಭಾಗ ಅಲ್ಲ. ಮನೆಯಲ್ಲೇ ಒದ್ದೆ ಗೋಣಿಯಲ್ಲಿ ಸುತ್ತಿ ನೋಡುವವರು ನೂರಾದರೂ ಎಣಿಸಿ. ಕೊಳೆತದ್ದನ್ನು ಎಸೆದು ಲೆಕ್ಕದಿಂದ ಬಿಡಬೇಡಿ.

ಎರೆ ಹೊಲದಲ್ಲಿ ಹಸಿ ಕಡಿಮೆ ಇದ್ದರೆ 78 ಕೂಡ ಸಿಗಲಿಕ್ಕಿಲ್ಲ, ಪರೀಕ್ಷೆ ಅದನ್ನು ಹೇಳುವುದಿಲ್ಲ ಅಂತ ಕಾಕಾಗೆ ಹೇಳಿದೆ. ಎಕರೆಗೆ 25 ಕೆಜಿ ಹಾಕುತ್ತಿದ್ದವರು, ಮೊಳಕೆ 85ರ ಬದಲು 78 ಅಂತ ಲೆಕ್ಕ ಹಿಡಿದು, ಆ ವರ್ಷ 27ರ ಮೇಲೆ ಒಂದು ಹಿಡಿ ಹಾಕಿದರು.