ಕಿನಗಉಬಾಗ ಎಂದರೆ ಕಡ್ಡಿ ಮುರಿಯುವುದಲ್ಲ

ಟಾಂಜಾನಿಯಾದ ದಾರ್ ಎಸ್ ಸಲಾಮಿಗೆ ಕೆಲಸದ ಮೇಲೆ ಬರುವ ನಮ್ಮವರಿಗೆ ಇಲ್ಲಿನ ಸ್ವಾಹಿಲಿ ಭಾಷೆ ಕಲಿಸತೊಡಗಿ ಹದಿನಾರು ವರ್ಷಗಳಾದವು. ಕ್ರಿಯಾಪದದ ಹಿಂದೆ ಮುಂದೆ ಅಂಟಿಕೊಳ್ಳುವ ತುಣುಕುಗಳನ್ನೂ ನಾಮಪದದ ವರ್ಗಗಳನ್ನೂ ಅವರು ಹೇಗೋ ದಾಟಿಬಿಡುತ್ತಾರೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಪ್ರತಿ ತಂಡದಲ್ಲಿಯೂ ತಪ್ಪದೆ ಎದುರಾಗುವ ಒಂದು ಎಡವಟ್ಟು ಮಾತ್ರ ಈಚೆಗೆ ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತಿದೆ. ಎರಡನೆಯ ತಿಂಗಳಿನಲ್ಲಿ ‘ಕಿನಗಉಬಾಗ’ ಎಂಬ ಪದ ಅವರ ಕೈಗೆ ಸಿಗುತ್ತದೆ. ‘ಮುಚ್ಚುಮರೆಯಿಲ್ಲದೆ, ಸ್ಪಷ್ಟವಾಗಿ’ ಎಂದು ಅರ್ಥ ಬರೆದುಕೊಳ್ಳುತ್ತಾರೆ. ಮರುದಿನವೇ ಯಾರ ಮೇಲಾದರೂ ಅದನ್ನು ಪ್ರಯೋಗಿಸಿ, ಮುಖ ಸಪ್ಪಗೆ ಮಾಡಿಕೊಂಡು ತರಗತಿಗೆ ಬರುತ್ತಾರೆ.

ಮೊದಲು ಉಚ್ಚಾರಣೆಯನ್ನು ಮುಗಿಸಿಬಿಡುತ್ತೇನೆ. ಸ್ವಾಹಿಲಿಯಲ್ಲಿ ಒತ್ತು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುವುದರಿಂದ ಇಲ್ಲಿ ‘ಬಾ’ ತುಸು ಎಳೆಯುತ್ತದೆ. ನಡುವಿನ ‘ಗ’ ಮತ್ತು ‘ಉ’ಗಳನ್ನು ಬೇರೆ ಬೇರೆಯಾಗಿಯೇ ನುಡಿಯಬೇಕು. ಶಾಲೆಯಲ್ಲಿ ಗುಣಸಂಧಿಯನ್ನು ಶ್ರದ್ಧೆಯಿಂದ ಕಲಿತವರೊಬ್ಬರು ಇದನ್ನು ‘ಕಿನಗೋಬಾಗ’ ಮಾಡಿದ್ದರು. ಇನ್ನು ಕೆಲವರು ಪದವನ್ನು ಎರಡಾಗಿ ಸೀಳಿ, ಎರಡು ಹೋಳುಗಳಿಗೂ ನಿಘಂಟಿನಲ್ಲಿ ಅರ್ಥ ಹುಡುಕುತ್ತಾ ರಾತ್ರಿ ಕಳೆಯುತ್ತಾರೆ. ಚೆಲ್ಲಾಪಿಲ್ಲಿ ಎನ್ನುವಾಗ ಪಿಲ್ಲಿ ಎಂದರೇನು ಎಂದು ನಾವು ಕೇಳುತ್ತೇವೆಯೇ? ಇಡೀ ಪದವನ್ನು ‘ಎಲೇಜಾ’, ಅಂದರೆ ‘ವಿವರಿಸು’ ಎಂಬಂಥ ಕ್ರಿಯಾಪದದ ನಂತರ ಇರಿಸಿದರೆ ಸಾಕು.

ತೊಡಕಿರುವುದು ಅರ್ಥದಲ್ಲಿ. ಕನ್ನಡದಲ್ಲಿ ಸ್ಪಷ್ಟವಾಗಿ ಹೇಳುವುದಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಹ ಎರಡು ಬಗೆಗಳಿವೆ. ಕಡ್ಡಿ ಮುರಿದಂತೆ ಹೇಳುವುದು ಒಂದು: ಮಾತು ಚಿಕ್ಕದು, ಖಂಡಿತವಾದದ್ದು, ಅದರ ಮುಂದೆ ಚರ್ಚೆಯಿಲ್ಲ. ಎಳೆ ಎಳೆಯಾಗಿ ಬಿಡಿಸಿ ಹೇಳುವುದು ಇನ್ನೊಂದು: ಏನನ್ನೂ ಬಚ್ಚಿಡದೆ, ಎಲ್ಲಿಂದ ಶುರುವಾಯಿತು, ಯಾರು ಏನು ಮಾಡಿದರು, ಏಕೆ ಮಾಡಿದರು ಎಂಬುದನ್ನು ಕೇಳುವವನಿಗೆ ಮನವರಿಕೆಯಾಗುವವರೆಗೆ ಹೇಳುವುದು. ಕಿನಗಉಬಾಗ ಈ ಎರಡನೆಯದು. ಇದನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು, ಅಡಿಗೆರೆ ಎಳೆದು, ಓದಿಸಿ, ಮನೆಗೆ ಕಳುಹಿಸುತ್ತೇನೆ. ಆದರೂ ಮರುವಾರ ಅದು ಯಾರದೋ ಬಾಯಲ್ಲಿ ಮುರಿದ ಕಡ್ಡಿಯಾಗಿರುತ್ತದೆ.

ಕಡ್ಡಿ ಮುರಿಯಲೇಬೇಕೆಂದು ಹಟ ಹಿಡಿಯುವವರಿಗೆ ಸ್ವಾಹಿಲಿಯಲ್ಲಿ ಬೇರೆ ನುಡಿಗಟ್ಟಿದೆ: ‘ಬಿಲಾ ಕುಮುಙೂಞ ಮನೇನೊ’. ಹಲ್ಲಿಲ್ಲದವರು ತುತ್ತನ್ನು ಬಾಯಲ್ಲೇ ಹೊರಳಿಸಿ ಹೊರಳಿಸಿ ಲೊಳಗುಟ್ಟಿಸುತ್ತಾರಲ್ಲ, ಹಾಗೆ ಮಾತನ್ನು ಹೊರಳಿಸದೆ ನೇರವಾಗಿ ಆಡುವುದು ಎಂದರ್ಥ. (ಬಾಲ್ಯದಲ್ಲಿ ಬಾಯಿಪಾಠ ಮಾಡಿ ಮುಂದೆ ಬಿಡಿಯಾಗಿ ಹೆಚ್ಚು ಬಳಸದೆ ಬಿಟ್ಟ ಙ ಮತ್ತು ಞ ಎಂಬ ನಮ್ಮ ಎರಡು ಅಕ್ಷರಗಳಿಗೂ ಒಂದೇ ಪದದಲ್ಲಿ ಕೆಲಸ ಕೊಟ್ಟ ಭಾಷೆ ಇದು.) ಆದರೆ ಇದನ್ನು ಎಲ್ಲಿ, ಯಾರ ಮುಂದೆ ಆಡಬಹುದು ಎಂಬುದು ಕೇಳುವವರ ವಯಸ್ಸಿಗೂ ಸಂದರ್ಭಕ್ಕೂ ಸೇರಿದ್ದು. ಜಾಂಜಿಬಾರಿನಲ್ಲಿ ಒರಟೆನಿಸುವ ಮಾತು ನೈರೋಬಿಯಲ್ಲಿ ಸಹಜವಾಗಿರಬಹುದು. ಹಾಗಾಗಿ ಹೊಸಬರು ಮೊದಲ ವರ್ಷ ಇದನ್ನು ಕೇಳಿಸಿಕೊಂಡರೆ ಸಾಕು, ಆಡುವುದು ಬೇಡ ಎಂಬುದು ನನ್ನ ಸಲಹೆ.

ಸ್ಪಷ್ಟತೆಯನ್ನು ಹೆಸರಿಸಿ ಹೇಳುವ ಅಗತ್ಯ ಇಲ್ಲಿ ಏಕಿದೆ ಎಂಬುದನ್ನೂ ಗಮನಿಸಬೇಕು. ಸ್ವಾಹಿಲಿ ಕರಾವಳಿಯಲ್ಲಿ ಮರೆಮಾತಿಗೆ ದೊಡ್ಡ ಮರ್ಯಾದೆಯಿದೆ. ಅದಕ್ಕೆ ‘ಫುಂಬೊ’ ಎನ್ನುತ್ತಾರೆ. ‘ಫುಂಬಾ’ ಎಂದರೆ ಕಣ್ಣನ್ನೋ ಬಾಯನ್ನೋ ಮುಚ್ಚುವುದು, ‘ಫುಂಬೂವಾ’ ಎಂದರೆ ತೆರೆಯುವುದು. ಹೆಂಗಸರು ಉಡುವ ಕಂಗಾ ಬಟ್ಟೆಯ ಅಂಚಿನಲ್ಲಿ ಒಂದು ಸಾಲಿನ ನುಡಿ ಅಚ್ಚಾಗಿರುತ್ತದೆ. ಪಕ್ಕದ ಮನೆಯವಳ ಮೇಲೆ ಮುನಿಸಿದ್ದರೆ ತಕ್ಕ ನುಡಿಯ ಕಂಗಾ ಉಟ್ಟು ಅವಳ ಬಾಗಿಲ ಮುಂದೆ ಹಾದುಹೋದರಾಯಿತು, ಬಾಯಿ ತೆರೆಯಬೇಕಾಗಿಯೇ ಇಲ್ಲ. ಇಂಥ ಊರಿನಲ್ಲಿ ಒಬ್ಬರು ಕಿನಗಉಬಾಗ ಹೇಳುತ್ತೇನೆಂದರೆ ಕೇಳುವವರನ್ನು ನಂಬಿ ಒಳಗೆ ಬಿಟ್ಟುಕೊಂಡಂತೆ. ತೆರೆದ ಬಾಗಿಲಿಗೂ ತಿಳಿಯಾದ ಮಾತಿಗೂ ‘ವಾಜಿ’ ಎಂಬ ಒಂದೇ ಪದವಿರುವುದು ನನಗೆ ಪ್ರಿಯವಾದ ಸಂಗತಿ. ‘ದಾಹಿರಿ’ ಎಂಬ ಇನ್ನೊಂದು ಪದವಂತೂ ನಮ್ಮ ‘ಜಾಹೀರು’ವಿನ ಒಡಹುಟ್ಟು, ಎರಡೂ ಅರಬ್ಬಿಯಿಂದ ಬಂದವು, ಒಂದು ಈ ದಡಕ್ಕೆ, ಇನ್ನೊಂದು ಆ ದಡಕ್ಕೆ.

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಟೈಲ್ಸ್ ಗೋದಾಮಿನ ಲೆಕ್ಕ ಅವನ ಜವಾಬ್ದಾರಿ. ಪೆಟ್ಟಿಗೆಗಳ ಎಣಿಕೆ ತಾಳೆಯಾಗದಿದ್ದಾಗ, ಅವನು ನೇರವಾಗಿ ವಯಸ್ಸಾದ ಉಗ್ರಾಣಿಯ ಮೇಜಿನ ಬಳಿಗೆ ಹೋಗಿ, ನಿಂತಲ್ಲಿಂದಲೇ ‘ಸೇಮಾ ಕಿನಗಉಬಾಗ’ ಎಂದನಂತೆ. ‘ಬಿಡಿಸಿ ಹೇಳಿ’ ಎಂದು ಕೇಳಿದೆನೆಂದು ಅವನ ನಂಬಿಕೆ. ಎದುರಿನವರಿಗೆ ಕೇಳಿಸಿದ್ದು ‘ಬೊಗಳು’ ಎಂಬಂತೆ. ಆ ಹಿರಿಯರು ಲೆಕ್ಕದ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟು, ‘ಸಲಾಮು ಕ್ವಾಂಜಾ, ಕಿಜಾನಾ’ ಎಂದರು. ಮೊದಲು ನಮಸ್ಕಾರ, ಮಗು. ಆ ದಿನ ಅವರು ಆಡಿದ್ದು ಅಷ್ಟೇ.

ಮರುದಿನ ನಾನೂ ಜೊತೆಗೆ ಹೋದೆ. ಹುಡುಗ ಹಿರಿಯರಿಗೆ ಸಲ್ಲಬೇಕಾದ ‘ಶಿಕಮೋ’ ಹೇಳಿದ, ಅವರು ‘ಮರಹಾಬ’ ಎಂದರು. ಮನೆಯ ಸಮಾಚಾರ, ಮಳೆಯ ಸಮಾಚಾರ, ಮೊಮ್ಮಗಳ ಪರೀಕ್ಷೆಯ ಸಮಾಚಾರ ಮುಗಿದ ಮೇಲೆ, ನಾನು ಹೇಳಿಕೊಟ್ಟಂತೆ ‘ನಓಂಬಾ ಉನಿಯೆಲೇಜೆ ಕಿನಗಉಬಾಗ’, ದಯವಿಟ್ಟು ನನಗೆ ಬಿಡಿಸಿ ಹೇಳಬೇಕೆಂದು ಬೇಡುತ್ತೇನೆ, ಎಂದ. ಅವರು ಕುರ್ಚಿ ಎಳೆದು ಕೊಟ್ಟು ನಲವತ್ತು ನಿಮಿಷ ಹೇಳಿದರು: ಯಾವ ಲಾರಿ ಯಾವ ಹೊತ್ತಿಗೆ ಬಂತು, ಟಾರ್ಪಾಲು ಎಲ್ಲಿ ಹರಿದಿತ್ತು, ಇಳಿಸುವಾಗ ಯಾವ ಪೆಟ್ಟಿಗೆಗಳು ಒಡೆದವು, ಅವನ್ನು ಪುಸ್ತಕದಲ್ಲಿ ಏಕೆ ಬರೆಯಲಿಲ್ಲ, ಬರೆಯಬೇಡವೆಂದು ಹೇಳಿದವರು ಯಾರು. ಕೊನೆಗೆ ಗೋದಾಮಿನ ಹಿಂದಕ್ಕೆ ಕರೆದೊಯ್ದು ಒಡೆದ ಪೆಟ್ಟಿಗೆಗಳನ್ನೂ ತೋರಿಸಿದರು. ಹುಡುಗ ನಡುನಡುವೆ ಗಡಿಯಾರ ನೋಡಿಕೊಳ್ಳುತ್ತಿದ್ದುದನ್ನು ನಾನು ಗಮನಿಸದಿರಲಿಲ್ಲ.

ಹಿಂದಿರುಗುವಾಗ ಅವನು, ಇಷ್ಟುದ್ದವಾಗಿ ಹೇಳದಂತೆ ಕೇಳಿಕೊಳ್ಳುವುದಕ್ಕೆ ಪದವಿಲ್ಲವೇ ಮೇಡಂ, ಎಂದ. ‘ಕ್ವಾ ಉಫೂಪಿ’, ಚುಟುಕಾಗಿ, ಎಂಬುದೊಂದಿದೆ ಎಂದೆ. ಬಸ್ಸಿನ ಕುಲುಕಾಟದಲ್ಲೇ ಅದನ್ನು ಪುಸ್ತಕದಲ್ಲಿ ಗೀಚಿಕೊಂಡವನು, ಸ್ವಲ್ಪ ಹೊತ್ತಿನ ನಂತರ ಅದರ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ‘ಮೊದಲು ಶಿಕಮೋ’ ಎಂದು ಸೇರಿಸಿದ.